ಮುಂಬಲ್ಲಿನ ಸಂದು

ಆ ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದ ಸಿಗ್ನೆ ಡ್ರೈವರನ ಮುಖ ಕಂಡು ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು.

ಅವನನ್ನು ಅವಳು ಹಿಂದೆಂದೂ ಭೇಟಿಯಾಗಿರಲಿಲ್ಲ. ಆದರೂ ಆ ಮುಖದಲ್ಲಿ ಅವಳಿಗೆ ಗೊತ್ತಿಲ್ಲದ ಜಾಗವೇ ಇರಲಿಲ್ಲ. ಎಡಹುಬ್ಬಿನ ತುದಿಯಲ್ಲಿ ಚಿಕ್ಕಂದಿನ ಗಾಯದ ಗೆರೆ, ಮೂಗಿನ ಮೇಲೆ ಬಿಸಿಲಿಗೆ ಎದ್ದ ಕಂದು ಚುಕ್ಕೆಗಳು, ಗಲ್ಲದ ಕೆಳಗೆ ಬ್ಲೇಡಿನಿಂದ ತಪ್ಪಿಸಿಕೊಂಡ ನಾಲ್ಕು ಕೂದಲು. ಇವನ್ನೆಲ್ಲ ಅವಳು ಎರಡು ದಿನ ಕಂಪ್ಯೂಟರ್ ಪರದೆಯಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿಕೊಂಡು ನೋಡಿದ್ದಳು.

"ಹತ್ತೋದಾ, ಇಳಿಯೋದಾ?" ಎಂದ ಅವನು. "ಬಾಗಿಲು ತೆಗೆದೇ ಇದ್ರೆ ಹೊರಗಿನ ಚಳಿಯೆಲ್ಲ ಒಳಗೆ ಬಂದು ಕೂತ್ಕೊಳತ್ತೆ."

ಹಾಗೆಂದು ನಕ್ಕ. ನಕ್ಕಾಗ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಕಂಡಿತು. ಬೆಂಕಿಕಡ್ಡಿ ಸಿಕ್ಕಿಸಿದರೆ ನಿಲ್ಲುವಷ್ಟು ಅಗಲದ ಸಂದು.

ಅದೂ ಅವಳಿಗೆ ಗೊತ್ತಿದ್ದದ್ದೇ. ಫೋಟೋದಲ್ಲಿ ಅದನ್ನು ಮುಚ್ಚಿದವಳು ಅವಳೇ.

ಸಿಗ್ನೆ ಸರಕ್ಕನೆ ಮುಂದಿನ ಸೀಟಿನಲ್ಲಿ ಕುಳಿತಳು. ದೂರದ ಉತ್ತರದ ಊರಾದ ಟ್ರಾಂಡ್‌ಹೈಮಿನಲ್ಲಿ ನವೆಂಬರಿನ ಬೆಳಗಿನ ಎಂಟು ಗಂಟೆಯೆಂದರೆ ಇನ್ನೂ ಅರೆಗತ್ತಲು. ಬಸ್ ನಿಲ್ದಾಣಗಳ ಗಾಜಿನೊಳಗೆ ಜಾಹೀರಾತುಗಳು ಮಾತ್ರ ಬೆಳಗುತ್ತಿದ್ದವು. ಪ್ರತಿ ನಿಲ್ದಾಣದಲ್ಲೂ ಇವನೇ. ಕಂಕುಳಲ್ಲಿ ಬಿಸಿ ಬ್ರೆಡ್ಡು, ಮುಖದ ತುಂಬ ನಗು, ಒಂದಕ್ಕೊಂದು ಅಂಟಿ ನಿಂತ ಸಾಲು ಹಲ್ಲು. ಕೆಳಗೆ ಎರಡೇ ಮಾತು: 'ಇದ್ದ ಹಾಗೇ.'

ಅದು ಊರಿನ ಹಳೆಯ ಬೇಕರಿಯ ಜಾಹೀರಾತು. ಮಾಡೆಲ್‌ಗಳು ಬೇಡ, ನಮ್ಮೂರಿನವರೇ ಇರಲಿ ಎಂದು ಬೇಕರಿಯವರು ಈ ಬಸ್ ಡ್ರೈವರನನ್ನು ಆರಿಸಿದ್ದರು. ಫೋಟೋ ಬಂದದ್ದು ಸಿಗ್ನೆಯ ಏಜೆನ್ಸಿಗೆ. ಇಪ್ಪತ್ತಾರು ವರ್ಷದ ಅವಳಿಗೆ ಅಲ್ಲಿ ಅದೇ ಕೆಲಸ, ಜಾಹೀರಾತಿನ ಮುಖಗಳನ್ನು ತಿದ್ದುವುದು.

ಮುಂದಿನ ನಿಲ್ದಾಣದಲ್ಲಿ ಒಬ್ಬ ಅಜ್ಜಿ ಕೋಲೂರಿಕೊಂಡು ಹತ್ತಿದರು. ಹೊರಗಿನ ಪೋಸ್ಟರನ್ನೂ ಒಳಗಿನ ಡ್ರೈವರನನ್ನೂ ಒಮ್ಮೆ ನೋಡಿ, "ಗಾಜಿನೊಳಗೆ ಇನ್ನೂ ಚೆನ್ನಾಗಿದ್ದೀಯಪ್ಪ ನೀನು!" ಎಂದರು.

"ಅವನು ನನ್ನ ತಮ್ಮ ಅಜ್ಜಿ. ಬ್ರೆಡ್ಡು ಸರಿಯಾಗಿ ತಿಂತಾನೆ, ಅದಕ್ಕೇ."

ಬಸ್ಸೆಲ್ಲ ನಕ್ಕಿತು. ಸಿಗ್ನೆ ನಗಲಿಲ್ಲ. ತಲೆಯ ಮೇಲಿನ ಕನ್ನಡಿಯಲ್ಲಿ ಅವನು ಅವಳನ್ನೇ ನೋಡುತ್ತಿದ್ದ. ಅವಳು ಕಿಟಕಿಯತ್ತ ತಿರುಗಿದಳು. ತಿರುಗಿ ಕನ್ನಡಿ ನೋಡಿದರೆ ಮತ್ತೆ ಅದೇ ಕಣ್ಣು. ಹೀಗೆ ಇಳಿಯಬೇಕಾದ ಜಾಗ ದಾಟಿಹೋಯಿತು. ಬಸ್ಸು ಗುಡ್ಡ ಹತ್ತಿ, ಕಾಡಿನ ಅಂಚಿನಲ್ಲಿ ನಿಂತಾಗ ಒಳಗೆ ಅವಳೊಬ್ಬಳೇ ಉಳಿದಿದ್ದಳು.

"ಕೊನೇ ಸ್ಟಾಪು," ಎಂದ ಅವನು ಹಿಂದಕ್ಕೆ ತಿರುಗಿ. "ಇಲ್ಲಿಂದಾಚೆ ಬರೀ ಮರ. ನೀವು ಎಲ್ಲಿ ಇಳೀಬೇಕಿತ್ತು?"

"ಸೇತುವೆ ಹತ್ರ."

"ಅದು ಹೋಗಿ ಇಪ್ಪತ್ತು ನಿಮಿಷ ಆಯ್ತಲ್ಲ!"

"ನೀವು ಕನ್ನಡೀಲಿ ನೋಡ್ತಾನೇ ಇದ್ರಿ. ಏಳೋಕೆ ಸಂಕೋಚ ಆಯ್ತು."

"ಆಹಾ! ಮೊದಲು ನೋಡಿದ್ದು ಯಾರು? ಅದೂ ನನ್ನನ್ನಲ್ಲ, ನನ್ನ ಹಲ್ಲನ್ನ." ಅವನು ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಅವಳ ಕೈಗಿಟ್ಟ. "ಬೇಜಾರಿಲ್ಲ ಬಿಡಿ. ಈ ಪೋಸ್ಟರ್ ಬಂದ ಮೇಲೆ ಎಲ್ಲರೂ ಹಾಗೇ. ಮೊದಲು ಪೋಸ್ಟರು, ಆಮೇಲೆ ನನ್ನ ಬಾಯಿ. ಇಪ್ಪತ್ತೊಂಬತ್ತು ವರ್ಷ ಯಾರೂ ಕೇಳದ ಸಂದು ಈಗ ಊರಿಗೆಲ್ಲ ಕಾಣ್ತಿದೆ. ನನ್ನ ಹೆಸರು ಅಸ್ಲಾಕ್."

"ಸಿಗ್ನೆ."

"ಏನು ಕೆಲಸ, ಸಿಗ್ನೆ?"

ಕಾಫಿಯ ಹಬೆ ಅವಳ ಮುಖಕ್ಕೆ ಬಡಿಯಿತು. ಈಗ ಹೇಳಿಬಿಡಬೇಕಿತ್ತು. "ಕಂಪ್ಯೂಟರ್ ಮುಂದೆ ಕೂರೋ ಕೆಲಸ," ಎಂದಳು.

"ಅದು ಅರ್ಧ ದೇಶ ಮಾಡೋ ಕೆಲಸ," ಎಂದು ಅವನು ನಕ್ಕ. ಅವಳು ಮತ್ತೆ ಆ ಸಂದನ್ನೇ ನೋಡಿದಳು. ಪರದೆಯ ಮೇಲೆ ಅದು ಕಪ್ಪು ಗೆರೆಯಾಗಿತ್ತು. ಇಲ್ಲಿ, ನಗುವ ಮನುಷ್ಯನ ಬಾಯಲ್ಲಿ, ಅದು ಇಲ್ಲದಿದ್ದರೆ ನಗುವೇ ಅರ್ಧವಾಗುತ್ತಿತ್ತೇನೋ ಅನ್ನಿಸಿತು.

*

ಆಮೇಲೆ ದಿನಾ ಎಂಟರ ಬಸ್ಸು.

ಮುಂದಿನ ಸೀಟಿನ ಮೇಲೆ ಅಸ್ಲಾಕನ ಕೈಗವಸುಗಳು ಕುಳಿತಿರುತ್ತಿದ್ದವು. ಯಾರಾದರೂ ಅಲ್ಲಿ ಕೂರಲು ಬಂದರೆ, "ಅದು ಡ್ರೈವರ್ ಸಾಮಾನು ಇಡೋ ಸೀಟು," ಎನ್ನುತ್ತಿದ್ದ. ಸಿಗ್ನೆ ಹತ್ತಿದ ಕೂಡಲೇ ಸಾಮಾನು ಎದ್ದು ಅವನ ಜೇಬು ಸೇರುತ್ತಿತ್ತು.

"ಇವತ್ತು ನೀಲಿ ಟೋಪಿ," ಎನ್ನುತ್ತಿದ್ದ ಅವನು ರಸ್ತೆಯಿಂದ ಕಣ್ಣು ತೆಗೆಯದೆ.

"ರಸ್ತೆ ನೋಡು."

"ರಸ್ತೆ ದಿನಾ ಅದೇ. ಟೋಪಿ ಮಾತ್ರ ಬದಲಾಗ್ತಿದೆ."

ಅವಳಿಗೆ ನಗು ಬಂದರೆ ಮೂಗು ಸ್ವಲ್ಪ ಮೇಲಕ್ಕೇಳುತ್ತಿತ್ತು. ಆ ಮೂಗನ್ನು ಮುಚ್ಚಲು ಅವಳು ಕೈ ಎತ್ತುವುದನ್ನು ಅವನು ಕನ್ನಡಿಯಲ್ಲಿ ಗಮನಿಸಿದ್ದ. ಕೇಳಿರಲಿಲ್ಲ.

ಆ ಅಭ್ಯಾಸ ಹದಿನಾಲ್ಕನೇ ವಯಸ್ಸಿನದು. ಆಗ ಅವಳ ದಿನ ಹೇಗಿರಬೇಕೆಂದು ಫೋನು ಹೇಳುತ್ತಿತ್ತು. ಎದ್ದ ಕೂಡಲೇ ಯಾವ ನೀರು ಕುಡಿಯಬೇಕು, ಹಾಸಿಗೆಗೆ ಯಾವ ಬಣ್ಣದ ಚಾದರ, ಸ್ನೇಹಿತೆಯರ ಜೊತೆ ಎಷ್ಟು ಜೋರಾಗಿ ನಗಬೇಕು, ಎಲ್ಲವನ್ನೂ ಅವಳು ಕಾಣದ ಊರಿನ ಚೆಂದದ ಹುಡುಗಿಯರು ನಿರ್ಧರಿಸುತ್ತಿದ್ದರು. ಅವರಲ್ಲಿ ಯಾರಿಗೂ ಮೂಗಿನ ಮೇಲೆ ಗೂನು ಇರಲಿಲ್ಲ. ಸಿಗ್ನೆ ಮೊದಲು ತಿದ್ದಲು ಕಲಿತದ್ದು ತನ್ನ ಮೂಗನ್ನೇ. ಕಲಿತು ಕಲಿತು ಕೈ ಪಳಗಿತು. ಪಳಗಿದ ಕೈಗೆ ಕೆಲಸ ಸಿಕ್ಕಿತು. ಈಗ ಯಾರ ಮುಖ ಕಂಡರೂ ಮೊದಲು ಕಾಣುವುದು ಅಲ್ಲಿ ಬಾಕಿ ಇರುವ ಕೆಲಸ.

ಅಸ್ಲಾಕನ ಎದುರು ಮಾತ್ರ ಅದು ಮರೆತುಹೋಗುತ್ತಿತ್ತು. ಸೇತುವೆಯ ಬಳಿ ಇಳಿದ ಮೇಲೆ ಅವನ ಕಣ್ಣು ನೆನಪಾಗುತ್ತಿತ್ತು, ದನಿ ನೆನಪಾಗುತ್ತಿತ್ತು, ತಿದ್ದಬಹುದಾದದ್ದು ಯಾವುದೂ ನೆನಪಾಗುತ್ತಿರಲಿಲ್ಲ.

ಮೂರನೇ ವಾರ ಅವನು ಕೇಳಿದ. "ಭಾನುವಾರ ಗುಡ್ಡದ ಮೇಲೆ ವಾಫಲ್ ತಿನ್ನೋಕೆ ಹೋಗ್ತೀವಿ, ಅಪ್ಪ, ತಂಗಿ, ನಾನು. ಬರ್ತೀಯಾ?"

"ಮನೆಯವರೆಲ್ಲ ಇರ್ತಾರಾ?"

"ಹೆದರ್ಬೇಡ. ಅಪ್ಪನ ಶಿಳ್ಳೆ ಒಂದನ್ನ ಸಹಿಸ್ಕೊಂಡ್ರೆ ಸಾಕು."

*

ಅಸ್ಲಾಕನ ಅಪ್ಪ ಒಡ್ವಾರ್ ಮೂವತ್ತು ವರ್ಷ ದೋಣಿಗಳ ಮೇಲೆ ಹಗ್ಗ ಕಟ್ಟಿ ನಿವೃತ್ತರಾದವರು. ಅವರ ಮುಂಬಲ್ಲಿನಲ್ಲೂ ಅದೇ ಸಂದು, ಮಗನದಕ್ಕಿಂತ ಒಂದು ಕೈ ಮೇಲು. ಆ ಸಂದಿನಿಂದ ಅವರು ಶಿಳ್ಳೆ ಹಾಕಿದರೆ ಮರಗಳ ಮೇಲಿನ ಹಿಮ ಉದುರುವುದೆಂದು ಮಗ ಹೇಳುತ್ತಿದ್ದ. ಹಿಮ ಉದುರಲಿಲ್ಲ. ಆದರೆ ವಾಫಲ್ ಗುಡಿಸಲಿನ ಮುಂದೆ ಸಾಲು ನಿಂತಿದ್ದ ಇಪ್ಪತ್ತು ಜನ ಒಟ್ಟಿಗೆ ತಿರುಗಿ ನೋಡಿದರು.

"ಅಪ್ಪಾ! ದಮ್ಮಯ್ಯ!" ಎಂದಳು ಟಿರಿಲ್. ಹದಿನೈದರ ಹುಡುಗಿ, ಉದ್ದ ಕತ್ತು, ಅಣ್ಣನದೇ ಕಣ್ಣು. ಮಾತಾಡುವಾಗ ಅವಳ ಶಾಲು ತುಟಿಯವರೆಗೆ ಏರಿರುತ್ತಿತ್ತು.

ವಾಫಲ್ ಬಂತು, ಮೇಲೆ ಕಂದು ಗಿಣ್ಣು, ಜೊತೆಗೆ ಜಾಮು. ಒಡ್ವಾರ್ ಯಾವುದೋ ಹಳೆಯ ದೋಣಿಯ ಕತೆ ಹೇಳಿದರು, ಆಡು ತಪ್ಪಿಸಿಕೊಂಡು ನಾವಿಕನ ಕುರ್ಚಿಯಲ್ಲಿ ಕುಳಿತ ಕತೆ. ಸಿಗ್ನೆ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಟಿರಿಲ್ ಕೂಡ ನಕ್ಕಳು, ಅಂಗೈಯಿಂದ ಬಾಯಿ ಮುಚ್ಚಿಕೊಂಡು.

"ಕೈ ತೆಗಿಯೇ, ವಾಫಲ್ ಎಲ್ಲಿಂದ ತಿಂತೀಯಾ?" ಎಂದ ಅಸ್ಲಾಕ್.

"ಇನ್ನು ಎರಡು ವಾರ. ಆಮೇಲೆ ತೆಗೀತೀನಿ."

"ಎರಡು ವಾರ ಆದ್ಮೇಲೆ ಏನು?" ಎಂದು ಸಿಗ್ನೆ ಕೇಳಿದಳು.

"ಡೆಂಟಿಸ್ಟ್ ಹತ್ರ ಹೋಗ್ತೀನಿ. ಹಲ್ಲಿಗೆ ಏನೋ ಮೆತ್ತಿ ಸಂದು ಮುಚ್ತಾರೆ. ಒಂದು ಗಂಟೆ ಸಾಕಂತೆ." ಟಿರಿಲ್ ಫೋನು ತೆಗೆದು ಮೇಜಿನ ಮೇಲೆ ಸರಿಸಿದಳು. "ನೋಡು. ನಮ್ಮ ಕ್ಲಾಸಿನವರು ಮಾಡಿದ್ದು."

ಪರದೆಯ ಎಡಕ್ಕೆ ಟಿರಿಲ್ ಹಾಡುತ್ತಿರುವ ಫೋಟೋ, ಬಾಯಿ ತೆರೆದಿದೆ. ಬಲಕ್ಕೆ ಬ್ರೆಡ್ಡಿನ ಪೋಸ್ಟರಿನ ಅಸ್ಲಾಕ್. ಎಡದ ಕೆಳಗೆ 'ಮೊದಲು', ಬಲದ ಕೆಳಗೆ 'ನಂತರ'.

"ತಮಾಷೆಗೆ ಮಾಡಿದ್ದಂತೆ," ಎಂದಳು ಟಿರಿಲ್. "ತಮಾಷೆನೇ. ನಾನೂ ನಕ್ಕೆ. ಆದರೆ ಪೋಸ್ಟರಲ್ಲಿ ಅಣ್ಣ ಚೆನ್ನಾಗಿ ಕಾಣ್ತಾನೆ ಅನ್ನೋದು ಸುಳ್ಳಾ? ಅವನಿಗೇ ಅದು ಬೇಡ ಅಂದ್ಮೇಲೆ ನನಗೆ ಯಾಕೆ?"

"ನಾನೆಲ್ಲೇ ಬೇಡ ಅಂದೆ?" ಎಂದ ಅಸ್ಲಾಕ್. "ನನ್ನ ಕೇಳಿದವರು ಯಾರು?"

"ಶಾಲೆಯ ಲೂಸಿಯಾ ದೀಪದ ಹಬ್ಬಕ್ಕೆ ಹಾಡೋಕೆ ಇವಳನ್ನೇ ಮುಂದೆ ನಿಲ್ಲಿಸಿದ್ರು," ಎಂದರು ಒಡ್ವಾರ್, ತಟ್ಟೆಯನ್ನೇ ನೋಡುತ್ತ. "ಬೇಡ ಅಂತ ಬಂದಿದ್ದಾಳೆ. ಎಲ್ಲರೂ ಫೋನ್ ಹಿಡ್ಕೊಂಡಿರ್ತಾರಂತೆ." ಮೆಲ್ಲನೆ ಸೇರಿಸಿದರು. "ಈ ಹಲ್ಲು ನಮ್ಮಮ್ಮನದು. ನಾನು ಇದನ್ನ ಆಸ್ತಿ ಅಂದ್ಕೊಂಡಿದ್ದೆ."

ಮೇಜಿನ ಕೆಳಗೆ ಅಸ್ಲಾಕನ ಕೈ ಸಿಗ್ನೆಯ ಕೈಯನ್ನು ಹುಡುಕಿ ಹಿಡಿದುಕೊಂಡಿತು. ಮೊದಲ ಸಲ. ಆ ಬಿಸಿ ಕೈಯೊಳಗೆ ಅವಳ ಬೆರಳುಗಳು ತಣ್ಣಗಾದವು. ಇವೇ ಬೆರಳುಗಳು, ಎಂದುಕೊಂಡಳು. ಇವೇ.

*

ಮರುದಿನ ಬೆಳಿಗ್ಗೆ ಅವಳು ಸೇತುವೆಯ ಬಳಿ ಇಳಿಯಲಿಲ್ಲ. ಬಸ್ಸು ಕಾಡಿನ ಅಂಚು ತಲುಪಿ, ಇಂಜಿನ್ ನಿಂತ ಮೇಲೆ ಎದ್ದು ಅವನ ಪಕ್ಕಕ್ಕೆ ಬಂದಳು.

"ಮತ್ತೆ ಸ್ಟಾಪ್ ಬಿಟ್ಟೆಯಾ?" ಎಂದ ಅವನು, ಕಣ್ಣಲ್ಲೇ ನಗುತ್ತ.

"ಅಸ್ಲಾಕ್, ಆ ಪೋಸ್ಟರ್ ತಿದ್ದಿದ್ದು ನಾನು. ನಿನ್ನ ಹಲ್ಲಿನ ಸಂದು ಮುಚ್ಚಿದ್ದು ನಾನೇ. ನನ್ನ ಕೆಲಸವೇ ಅದು."

ಅವನ ನಗು ಕೂಡಲೇ ಹೋಗಲಿಲ್ಲ. ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಮುಖದ ಮೇಲೆಯೇ ಉಳಿಯಿತು.

"ಮೊದಲನೇ ದಿನವೇ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಅಂದ್ರೆ ಇಷ್ಟು ದಿನ ನೀನು ನನ್ನ ನೋಡ್ತಿದ್ದದ್ದು, ಕೆಲಸ ಎಷ್ಟು ಚೆನ್ನಾಗಿ ಆಗಿದೆ ಅಂತಾನಾ?"

"ಅಲ್ಲ!"

"ನಿನ್ನೆ ಟಿರಿಲ್ ಫೋನ್ ತೋರಿಸಿದಾಗ್ಲೂ ಸುಮ್ಮನೆ ಕೂತಿದ್ದೆ. ನಾನು ನಿನ್ನ ಕೈ ಹಿಡ್ಕೊಂಡಿದ್ದೆ, ಸಿಗ್ನೆ."

ಅವನು ಇಂಜಿನ್ ಹಾಕಿದ. ಇಳಿಜಾರಿನ ಉದ್ದಕ್ಕೂ ಒಂದು ಸಲವೂ ಕನ್ನಡಿ ನೋಡಲಿಲ್ಲ. ಸೇತುವೆಯ ಹತ್ತಿರ ಬಾಗಿಲು ತೆರೆದು, "ನಿನ್ನ ಸ್ಟಾಪ್ ಬಂತು," ಎಂದ ಅಷ್ಟೇ.

ಮಂಗಳವಾರ ಆ ಬಸ್ಸಿನಲ್ಲಿ ಬೇರೊಬ್ಬ ಡ್ರೈವರ್ ಇದ್ದ. ಬುಧವಾರವೂ.

*

ಏಜೆನ್ಸಿಯ ಯಜಮಾನಿ ಬೆನೆಡಿಕ್ಟೆ ಕೆಟ್ಟವಳಲ್ಲ. ಕೆಲಸ ಸಮಯಕ್ಕೆ ಆದರೆ ಸಾಕು ಅನ್ನುವವಳು. ಕ್ರಿಸ್‌ಮಸ್ ಬ್ರೆಡ್ಡಿಗೆ ಎರಡನೇ ಪೋಸ್ಟರು ಆ ವಾರವೇ ಅಚ್ಚಿಗೆ ಹೋಗಬೇಕಿತ್ತು.

"ಈ ಸಲ ಹಲ್ಲಿನ ಸಂದು ಹಾಗೇ ಇರಲಿ," ಎಂದಳು ಸಿಗ್ನೆ. "ಕಳೆದ ಸಲ ಮುಚ್ಚು ಅಂದಿದ್ರಿ, ಈ ಸಲ ನನ್ನ ಕೈಲಾಗಲ್ಲ."

"ಯಾರು ಮುಚ್ಚು ಅಂದಿದ್ದು?"

"ನೀವೇ ಇರ್ಬೇಕು. ಇಲ್ಲ ಬೇಕರಿಯವರು."

ಬೆನೆಡಿಕ್ಟೆ ಬೇಕರಿಯವರ ಹಳೆಯ ಇ-ಮೇಲ್ ತೆರೆದು ಪರದೆಯನ್ನು ಅವಳತ್ತ ತಿರುಗಿಸಿದಳು. ಎರಡೇ ಸಾಲಿತ್ತು. ಬ್ರೆಡ್ಡಿನ ಬಣ್ಣ ಇನ್ನೂ ಬೆಚ್ಚಗಿರಲಿ. ಹಿಂದಿನ ಗೋಡೆ ತಿಳಿಯಾಗಲಿ.

ಸಿಗ್ನೆ ಅದನ್ನು ಮೂರು ಸಲ ಓದಿದಳು. ಹಲ್ಲಿನ ಮಾತೇ ಇರಲಿಲ್ಲ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಅವಳ ಕೈ ತಾನಾಗಿಯೇ ಅಲ್ಲಿಗೆ ಹೋಗಿತ್ತು. ಹದಿನಾಲ್ಕನೇ ವಯಸ್ಸಿನಿಂದ ಹೋಗುತ್ತಿದ್ದ ಕೈ.

"ಬೇಕರಿಯವರು ಒಪ್ಪಿದ ಮುಖ ಅದು," ಎಂದಳು ಬೆನೆಡಿಕ್ಟೆ. "ಬದಲಾಗ್ಬೇಕಾದ್ರೆ ಅವರಿಗೆ ನೀನೇ ಹೋಗಿ ಹೇಳು. ಯಾಕೆ ಅನ್ನೋದನ್ನೂ ನೀನೇ ಹೇಳು. ಅವರು ಸಿಟ್ಟಾದ್ರೆ ನಾನು ನಿನ್ನ ಕಡೆ ನಿಲ್ತೀನಿ ಅಂತ ಮಾತು ಕೊಡಲ್ಲ."

ಬೇಕರಿಯ ಒಡತಿ ಗುನ್‌ವೋರ್ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಿಂತೇ ಎಲ್ಲವನ್ನೂ ಕೇಳಿಸಿಕೊಂಡರು. ಸಿಗ್ನೆ ಏನನ್ನೂ ಮುಚ್ಚಿಡಲಿಲ್ಲ. ಇ-ಮೇಲ್‌ನಲ್ಲಿದ್ದ ಎರಡು ಸಾಲನ್ನೂ ಹೇಳಿದಳು, ತನ್ನ ಕೈಯ ಕತೆಯನ್ನೂ ಹೇಳಿದಳು.

"ಅಯ್ಯೋ ಪುಣ್ಯಾತ್ಗಿತ್ತಿ," ಎಂದರು ಗುನ್‌ವೋರ್. "ಪೋಸ್ಟರ್ ನೋಡಿ, ಹುಡುಗ ಹೋಗಿ ಹಲ್ಲು ಕೂಡಿಸ್ಕೊಂಡ್ನಲ್ಲ ಅಂತ ಒಂದು ವಾರ ಬೇಜಾರು ಮಾಡ್ಕೊಂಡಿದ್ದೆ ನಾನು. ಬಸ್ಸಲ್ಲಿ ಆ ನಗು ನೋಡಿಯೇ ಅಲ್ವಾ ಅವನನ್ನ ಕೇಳಿದ್ದು! ಅವನಿಗೆ ನೋವಾಗತ್ತೇನೋ ಅಂತ ಬಾಯಿ ಬಿಡಲಿಲ್ಲ." ಹಿಟ್ಟಿನ ಕೈಯಲ್ಲೇ ಮೂಗು ಒರೆಸಿಕೊಂಡರು. "ವಾಪಸ್ ಹಾಕು. ಇನ್ನೊಂದು ಸಲ ನನ್ನ ಜನದ ಮುಖಕ್ಕೆ ಕೈ ಹಾಕಿದ್ರೆ ಮಾತ್ರ ನೋಡು."

*

ಅದೇ ಸಂಜೆ ನಾಲ್ಕಕ್ಕೆ ಏಜೆನ್ಸಿಯ ಬಾಗಿಲಲ್ಲಿ ಟಿರಿಲ್ ನಿಂತಿದ್ದಳು, ಶಾಲೆಯ ಚೀಲ ಬೆನ್ನಿಗೆ, ಶಾಲು ತುಟಿಗೆ.

"ನಮ್ಮಣ್ಣನ ಹಲ್ಲಿಗೆ ಗಾರೆ ಮೆತ್ತಿದ್ದು ನೀನಂತೆ?"

"ಹೌದು."

"ಬೈಯೋಕೆ ಬಂದಿದ್ದೀನಿ."

"ಬೈ. ಕೂತ್ಕೊಂಡು ಬೈ."

ಟಿರಿಲ್ ಕುಳಿತಳು. ಆದರೆ ಬೈಗುಳ ಹೊರಡಲಿಲ್ಲ. ಪರದೆಯ ಮೇಲೆ ಅಣ್ಣನ ಮುಖವಿತ್ತು. ಸಿಗ್ನೆ ತಾನು ಮಾಡಿದ್ದನ್ನು ಒಂದೊಂದಾಗಿ ಕಿತ್ತು ತೋರಿಸಿದಳು. ಹಲ್ಲು ಮತ್ತೆ ಬೇರೆಯಾಯಿತು. ಚುಕ್ಕೆಗಳು ಮರಳಿ ಬಂದವು. ಹುಬ್ಬಿನ ಗೆರೆ ಬಂತು.

"ಇದೆಲ್ಲ ಶಾಲೇಲಿ ಹೇಳ್ತಾರೆ," ಎಂದಳು ಟಿರಿಲ್. "ಫೋಟೋಗಳೆಲ್ಲ ತಿದ್ದಿದ್ದು, ನಂಬಬೇಡಿ ಅಂತ. ನನಗೆ ಗೊತ್ತು. ಗೊತ್ತಿದ್ರೂ ಬೇಜಾರಾಗತ್ತೆ. ಅದಕ್ಕೇನ್ ಮಾಡ್ತೀಯಾ?"

ಸಿಗ್ನೆ ತನ್ನ ಫೋನು ತೆಗೆದು ಹಳೆಯ ಫೋಟೋಗಳನ್ನು ತೋರಿಸಿದಳು. ಹದಿನಾಲ್ಕರ ಸಿಗ್ನೆ, ಹದಿನಾರರ ಸಿಗ್ನೆ, ಹತ್ತೊಂಬತ್ತರ ಸಿಗ್ನೆ. ಎಲ್ಲ ಮುಖದಲ್ಲೂ ಗೀಟೆಳೆದ ಹಾಗೆ ನೇರ ಮೂಗು.

"ಇದು ಯಾರು?"

"ನಾನೇ. ಒಂದರಲ್ಲೂ ನಾನಿಲ್ಲ. ಕಳೆದ ವರ್ಷ ಅಮ್ಮ ಆಲ್ಬಮ್ ಮಾಡೋಣ ಅಂತ ಕೂತ್ರು. ಹದಿನಾಲ್ಕರಿಂದ ಇಪ್ಪತ್ತರವರೆಗೆ ಒಂದೇ ಒಂದು ನಿಜವಾದ ಫೋಟೋ ಸಿಗಲಿಲ್ಲ. 'ಆರು ವರ್ಷ ನನ್ನ ಮಗಳು ಎಲ್ಲಿ ಹೋಗಿದ್ಲು?' ಅಂದ್ರು. ತಮಾಷೆಗೆ ಅಂದಿದ್ದು. ಆಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಬರಲೇ ಇಲ್ಲ."

ಟಿರಿಲ್ ಫೋನು ಬಿಟ್ಟು ಅವಳ ಮುಖವನ್ನೇ ಪಕ್ಕದಿಂದ ನೋಡಿದಳು. "ಒಳ್ಳೇ ಮೂಗು ಕಣೆ. ದೋಣಿ ಮೂತಿ ಥರ ಇದೆ."

"ಇದು ಬೈಗುಳಾನಾ?"

"ಅಪ್ಪನ ಹತ್ರ ಕೇಳಿ ನೋಡು. ಅವರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಗೊತ್ತಿಲ್ಲ."

ಇಬ್ಬರೂ ನಕ್ಕರು. ಟಿರಿಲ್‌ಳ ಕೈ ಮತ್ತೆ ಬಾಯಿಗೆ ಹೋಯಿತು. ಹೊರಡುವಾಗ ಹುಡುಗಿ ಬಾಗಿಲಲ್ಲಿ ನಿಂತು, "ಅವನು ಷಿಫ್ಟ್ ಬದಲಾಯಿಸ್ಕೊಂಡಿದ್ದಾನೆ. ಮಧ್ಯಾಹ್ನದ್ದು," ಎಂದಳು. "ನಿನ್ನ ವಿಷಯ ಒಂದು ಸಲ ಹೇಳಿದ್ದು ಬಿಟ್ರೆ ಮನೇಲಿ ಏನೂ ಮಾತಾಡಲ್ಲ. ಮೂರು ಹೊತ್ತೂ ಮೀನು ಬೇಯಿಸ್ತಾನೆ. ನಮಗೆ ಸಾಕಾಗಿದೆ."

ಸಿಗ್ನೆ ಮಧ್ಯಾಹ್ನದ ಬಸ್ಸು ಹತ್ತಲಿಲ್ಲ. ಎರಡು ದಿನ ನಿಲ್ದಾಣದವರೆಗೆ ಹೋಗಿ ಹಿಂದಿರುಗಿದಳು. ಬೇಡವೆಂದು ಷಿಫ್ಟು ಬದಲಿಸಿಕೊಂಡವನ ಎದುರು ಹೋಗಿ ಕೂರುವುದು ನ್ಯಾಯವಲ್ಲ ಎನಿಸಿತು. ಹೊಸ ಪೋಸ್ಟರುಗಳು ಗಾಜಿನೊಳಗೆ ಬಂದವು. ಕೈಯಲ್ಲಿ ಕ್ರಿಸ್‌ಮಸ್ ಬ್ರೆಡ್ಡು ಹಿಡಿದು ಅಸ್ಲಾಕ್ ನಗುತ್ತಿದ್ದ, ಸಂದಿನ ಸಮೇತ. ಅವಳು ಗಾಜಿನ ಮುಂದೆ ನಿಂತು, ಬಸ್ಸು ಬಂದು ಹೋಗುವವರೆಗೆ ನೋಡುತ್ತಿದ್ದಳು.

ಡಿಸೆಂಬರ್ ಹನ್ನೆರಡರಂದು ಟಿರಿಲ್‌ಳಿಂದ ಸಂದೇಶ ಬಂತು. "ನಾಳೆ ಬೆಳಿಗ್ಗೆ ಎಂಟಕ್ಕೆ ಶಾಲೆಗೆ ಬಾ. ಹಾಡ್ತೀನಿ ಅಂತ ಒಪ್ಕೊಂಡಿದ್ದೀನಿ. ನೀನು ಬರೋದು ಅಣ್ಣನಿಗೆ ಹೇಳಿಲ್ಲ."

*

ಶಾಲೆಯ ಆಟದ ಹಾಲಿನಲ್ಲಿ ದೀಪಗಳನ್ನು ಆರಿಸಿದ್ದರು. ಸಿಗ್ನೆ ಹಿಂದಿನ ಗೋಡೆಗೆ ಒರಗಿ ನಿಂತಳು. ಮೂರು ಸಾಲು ಮುಂದೆ ಒಡ್ವಾರರ ಬಿಳಿ ತಲೆ, ಪಕ್ಕದಲ್ಲಿ ಅಸ್ಲಾಕನ ಅಗಲ ಹೆಗಲು.

ಬಾಗಿಲು ತೆರೆಯಿತು. ಬಿಳಿ ನಿಲುವಂಗಿಯ ಮಕ್ಕಳ ಸಾಲು, ಎಲ್ಲರಿಗಿಂತ ಮುಂದೆ ಟಿರಿಲ್, ತಲೆಯ ಮೇಲೆ ದೀಪಗಳ ಕಿರೀಟ. ಕೂಡಲೇ ಹಾಲಿನ ತುಂಬ ಫೋನುಗಳು ಎದ್ದವು. ನೂರಾರು ಚಿಕ್ಕ ಪರದೆಗಳು, ಪ್ರತಿಯೊಂದರಲ್ಲೂ ಅವಳು.

ಟಿರಿಲ್ ಅದನ್ನು ನೋಡಿದಳು. ನಿಂತಳು. ಹಿಂದಿನ ಹುಡುಗಿ ಅವಳ ಬೆನ್ನಿಗೆ ತಾಗಿದಳು. ಒಂದು ಕ್ಷಣ ಹಾಡು ಬರುವುದೇ ಇಲ್ಲವೆಂದು ಸಿಗ್ನೆಗೆ ಅನಿಸಿತು.

ಆಗ ಹುಡುಗಿ ಬಾಯಿ ತೆರೆದಳು. ಪೂರ್ತಿ ತೆರೆದಳು. ಮೊದಲ ಸ್ವರ ಸ್ವಲ್ಪ ಅಲುಗಿತು, ಎರಡನೆಯದು ಅಲುಗಲಿಲ್ಲ. ಆಮೇಲೆ ಆ ದನಿ ಹಾಲಿನ ಕತ್ತಲೆಯನ್ನೆಲ್ಲ ತುಂಬಿಕೊಂಡಿತು. ಒಡ್ವಾರ್ ತಮ್ಮ ಫೋನನ್ನು ಜೇಬಿಗಿಟ್ಟು, ಎರಡೂ ಕೈಯಿಂದ ಕಣ್ಣು ಒರೆಸಿಕೊಂಡರು.

ಮುಗಿದ ಮೇಲೆ ಟಿರಿಲ್ ಕಿರೀಟ ತೆಗೆಯದೆಯೇ ಸಿಗ್ನೆಯ ಹತ್ತಿರ ಓಡಿಬಂದಳು. "ಡೆಂಟಿಸ್ಟ್ ದಿನಾನ ವಸಂತಕ್ಕೆ ಮುಂದೂಡಿದ್ದೀನಿ," ಎಂದಳು ಏದುಸಿರಲ್ಲಿ. "ಬೇಡ ಅಂದಿಲ್ಲ. ನೋಡ್ತೀನಿ. ಮುಚ್ಚಿಸ್ಕೊಂಡ್ರೂ ನೀವ್ಯಾರೂ ಮುಖ ಊದಿಸ್ಕೋಬಾರದು, ಆಯ್ತಾ?"

"ನಿನ್ನ ಹಲ್ಲು, ನಿನ್ನಿಷ್ಟ."

"ಹಾಗಾದ್ರೆ ಸರಿ. ಈಗ ಅಲ್ಲಿ ನೋಡು. ನನ್ನ ಕೆಲಸ ಮುಗೀತು." ಅವಳು ಓಡಿಹೋದಳು.

ಅಸ್ಲಾಕ್ ಕೈಯಲ್ಲಿ ಎರಡು ಕೇಸರಿ ಬನ್ನು ಹಿಡಿದು ನಿಂತಿದ್ದ. ಯಾರಿಗೆ ಎರಡು ತಂದನೆಂದು ಅವನಿಗೂ ಗೊತ್ತಿದ್ದಂತಿರಲಿಲ್ಲ.

"ಹೊರಗೆ ಬರ್ತೀಯಾ?" ಎಂದ.

*

ಹೊರಗೆ ಆಕಾಶ ನೀಲಿಯಾಗತೊಡಗಿತ್ತು. ಅಂಗಳದ ಹಿಮ ಕಾಲಡಿ ಕರಕರ ಎಂದಿತು. ಇಬ್ಬರೂ ಬೇಲಿಯವರೆಗೆ ನಡೆದರು.

"ಗುನ್‌ವೋರ್ ಎಲ್ಲ ಹೇಳಿದ್ರು," ಎಂದ ಅವನು. "ನೀನು ಹೋಗಿ ಒಪ್ಕೊಂಡಿದ್ದು."

"ಯಾರೂ ಮುಚ್ಚು ಅಂದಿರಲಿಲ್ಲ, ಅಸ್ಲಾಕ್. ನಾನೇ ಮಾಡಿದ್ದು. ಯೋಚನೆ ಕೂಡ ಮಾಡದೆ. ಅದಕ್ಕೆ ಕ್ಷಮೆ ಕೇಳ್ಬೇಕು. ಹೇಳದೆ ಇದ್ದದ್ದಕ್ಕೆ ಬೇರೆ ಕೇಳ್ಬೇಕು."

"ನನ್ನದೂ ಒಂದಿದೆ, ಮೊದಲು ಕೇಳು." ಅವನು ಬನ್ನುಗಳನ್ನು ಬೇಲಿಯ ಕಂಬದ ಮೇಲಿಟ್ಟ. ಹಿಮದ ಮೇಲೆ ಕಣ್ಣು ನೆಟ್ಟು ಮಾತಾಡಿದ. "ಮೊದಲ ಪೋಸ್ಟರ್ ಬಂದ ದಿನ ನಾನು ಖುಷಿಪಟ್ಟೆ. ಬಸ್ ನಿಲ್ಲಿಸಿ ಇಳಿದು ನೋಡ್ದೆ. ಇಷ್ಟು ಚೆನ್ನಾಗಿ ಕಾಣಬಹುದಾ ನಾನು ಅಂತ. ಮನೆಗೆ ಹೋಗಿ, ಮೇಣದ ಬತ್ತಿಯಿಂದ ಚೂರು ಕಿತ್ತು ಸಂದಿಗೆ ಮೆತ್ಕೊಂಡು ಕನ್ನಡಿ ಮುಂದೆ ನಿಂತಿದ್ದೆ. ಅರ್ಧ ಗಂಟೆ! ಡೆಂಟಿಸ್ಟ್ ನಂಬರ್ ಹುಡುಕಿದ್ದು ನಾನೇ. ಟಿರಿಲ್‌ಗೆ ಸಿಕ್ಕಿದ್ದು ನಾನು ಮೇಜಿನ ಮೇಲೆ ಬಿಟ್ಟಿದ್ದ ಚೀಟಿ."

ಸಿಗ್ನೆ ಅವನತ್ತ ತಿರುಗಿದಳು.

"ಅವಳಿಗೆ ಅದನ್ನ ಇನ್ನೂ ಹೇಳಿಲ್ಲ. ಇವತ್ತು ಹೇಳ್ತೀನಿ. ನಿನ್ನ ಮೇಲೆ ಸಿಟ್ಟು ಮಾಡ್ಕೊಂಡಿದ್ದು ಸುಲಭವಾಗಿತ್ತು, ಸಿಗ್ನೆ. ನನ್ನ ಮೇಲೆ ಮಾಡ್ಕೊಳ್ಳೋದಕ್ಕಿಂತ."

"ಮತ್ತೆ ಯಾಕೆ ಹೋಗಲಿಲ್ಲ, ಡೆಂಟಿಸ್ಟ್ ಹತ್ರ?"

"ಸೋಮವಾರ ಫೋನ್ ಮಾಡೋಣ ಅಂತಿದ್ದೆ." ಈಗ ಅವನು ತಲೆ ಎತ್ತಿದ. ಕಿವಿಯ ತುದಿಗಳು ಕೆಂಪಾಗಿದ್ದವು, ಚಳಿಗೋ ಮತ್ತೇನಕ್ಕೋ. "ಸೋಮವಾರ ಬೆಳಿಗ್ಗೆ ಒಬ್ಬಳು ಬಸ್ ಹತ್ತಿ, ಮೆಟ್ಟಿಲ ಮೇಲೆ ನಿಂತು, ನನ್ನ ಬಾಯನ್ನೇ ನೋಡಿದ್ಲು. ಮರೆತೇ ಹೋಯ್ತು."

ಅವಳಿಗೆ ನಗು ಬಂತು, ಜೊತೆಗೆ ಅಳುವೂ.

"ಈ ಹದಿನೈದು ದಿನ ನಾನು ಅವಳಿಗೆ ಬರೀ ಮೀನು ತಿನ್ನಿಸಿದ್ದಕ್ಕೆ ಟಿರಿಲ್ ನಿನ್ನ ಮೇಲೆ ದೂರು ಕೊಟ್ಟಿದ್ದಾಳೆ," ಎಂದ ಅವನು.

"ಬೇಯಿಸಿದ್ದು ನೀನು. ತಪ್ಪು ನಂದಾ?"

"ನಿಂದೇ. ನಿನ್ನ ಬಿಟ್ಟಿರೋಕಾಗದೆ ಬೇಯಿಸಿದ್ದು." ಅವನ ದನಿ ಇಳಿಯಿತು. "ನೀನಂದ್ರೆ ನನಗೆ ತುಂಬ ಇಷ್ಟ, ಸಿಗ್ನೆ. ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ. ಬಸ್ಸಲ್ಲಾದ್ರೆ ಸುಲಭ, ಬೆನ್ನು ತಿರುಗಿಸ್ಕೊಂಡು ಹೇಳ್ಬಹುದು."

"ಹಾಗೆ ಹೇಳಿದ್ರೆ ನಾನು ಒಪ್ತಿರಲಿಲ್ಲ," ಎಂದಳು ಅವಳು. "ನನಗೂ ಇಷ್ಟ. ಆವತ್ತು ಕಾಫಿ ಕೊಟ್ಟೆಯಲ್ಲ, ಆವತ್ತಿನಿಂದ."

ಒಂದು ಹೆಜ್ಜೆ ಮುಂದೆ ಬಂದದ್ದು ಅವಳೇ. ಅವನ ಕೋಟಿನ ಕಾಲರು ಹಿಡಿದು, ತುದಿಗಾಲಲ್ಲಿ ನಿಂತು, ಮುತ್ತಿಟ್ಟಳು. ಅವನ ತುಟಿ ತಣ್ಣಗಿತ್ತು, ಉಸಿರು ಬೆಚ್ಚಗಿತ್ತು. ನಡುವೆ ಅವನಿಗೆ ನಗು ತಡೆಯಲಾಗಲಿಲ್ಲ, ಅವಳಿಗೂ.

ಅಷ್ಟು ಹತ್ತಿರದಲ್ಲಿ ಮುಖ ಕಾಣುವುದಿಲ್ಲ. ಹಲ್ಲೂ ಇಲ್ಲ, ಮೂಗೂ ಇಲ್ಲ, ಗೆರೆಯೂ ಇಲ್ಲ. ಒಬ್ಬ ಮನುಷ್ಯನ ಬಿಸಿ ಮಾತ್ರ ಇರುತ್ತದೆ, ಇನ್ನೊಬ್ಬಳ ಬಿಸಿಗೆ ಸೇರಿಕೊಂಡು. ಸಿಗ್ನೆ ಕಣ್ಣು ಮುಚ್ಚಿದಳು, ಬಹಳ ಹೊತ್ತು ತೆರೆಯಲಿಲ್ಲ.